ಹೊಟ್ಟು ತಿಂದ ಟಗರು, ಹಿಂಡಿ ತಿಂದ ಟಗರು

ಬಂಧುಗಳೇ, ಇವತ್ತು ನಮ್ಮ ಅವಳಿ ಟಗರುಗಳಲ್ಲಿ ಒಂದೇ ಮಾರಾಟವಾಯಿತು. ಎರಡನ್ನೂ ಮಾರಿ ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಗೆ ಹೊಸ ತಗಡು ಹಾಕಿಸಬೇಕೆಂದು ನಾನೂ ನನ್ನ ಹೆಂಡತಿ, ಅಂದರೆ ನಿಮ್ಮ ಕಾಕೂನೂ ಒಂದೊಂದನ್ನು ಸಾಕಿದ್ದೆವು. ಆಕೆ ತನ್ನದಕ್ಕೆ ಶೇಂಗಾ ಹಿಂಡಿಯ ಸಣ್ಣ ಚೀಲ ತಂದಳು. ಅದೇ ದುಡ್ಡಿಗೆ ನಾನು ಎರಡು ದೊಡ್ಡ ಚೀಲ ಹೊಟ್ಟು ತಂದು, ಜಾಣ ನಾನೇ ಎಂದುಕೊಂಡೆ.

ಬೆಳಿಗ್ಗೆ ಮಾಡಗ್ಯಾಳದ ಕುರಿ ವ್ಯಾಪಾರಿ ಹುಸೇನ ಬಂದ. ನನ್ನ ಟಗರಿನ ಉಬ್ಬಿದ ಹೊಟ್ಟೆಗೆ ಮರುಳಾಗಲಿಲ್ಲ, ನೇರ ಬೆನ್ನ ಮೇಲೆ ಕೈಯಾಡಿಸಿದ.

“ಕಾಕಾ, ಹೊಟ್ಟಿ ಭಾಳ ಚಲೋ ಬೆಳಿಸೀರಿ. ಆದ್ರ ಬೆನ್ನಾಗ ಬರೇ ಎಲಬು ಹತ್ತತಾವಲ್ರಿ!”

“ಎರಡು ಚೀಲ ತಿಂದೈತೋ ಮಾರಾಯಾ!”

“ಕಾಣಸ್ತೈತ್ರಿ, ಚೀಲ ಇನ್ನೂ ಒಳಗ ಅದಾವ. ಕಾಕೂದಷ್ಟ ಕೊಡ್ರಿ.”

ಅವನು ಹೋದಮೇಲೆ ನಿಮ್ಮ ಕಾಕೂ ಅಂದಳು: “ಈಗ ಅರ್ಧ ಕೊಟ್ಟಿಗಿಗೆ ತಗಡು ಬರತೈತಿ. ಸೋರೂ ಕಡಿ ನಿಮ್ಮ ಟಗರು ಕಟ್ರಿ.”

ಪಾಪ, ಇಷ್ಟು ದಿನ ಅದು ಹೊಟ್ಟೆ ತುಂಬ ತಿಂದೂ ಹಸಿದುಕೊಂಡೇ ಇತ್ತು, ನನಗೆ ತಿಳಿಯಲಿಲ್ಲ. ಸಂಜೆ ಅವಳ ಚೀಲದ ತಳದಲ್ಲಿ ಉಳಿದಿದ್ದ ಹಿಂಡಿ ನೆನೆಸಿ ಕೊಟ್ಟೆ, ಕಬ್ಬಿಣದ ಬುಟ್ಟಿಯನ್ನೂ ನೆಕ್ಕಿಬಿಟ್ಟಿತು. ಅದನ್ನು ತಗಡಿನ ಕೆಳಗೇ ಕಟ್ಟುತ್ತೇನೆ. ಸೋರುವ ಕಡೆಗೆ ಇಡಲು ನನ್ನ ಚೀಲಗಳ ತಳದಲ್ಲಿ ಉಳಿದ ಹೊಟ್ಟು ಇದೆಯಲ್ಲ.