ಯಾರೂ ಹೇಳಿಕೊಡದ ನಟನೆ

ತೂದಾಳ ಕಣ್ಣಲ್ಲಿ ನೀರು ಬರಿಸುವ ಸಿನಿಮಾ ಇನ್ನೂ ಹುಟ್ಟಿಲ್ಲ ಅಂತ ನಮ್ಮ ಓಣಿಯ ಹೆಂಗಸರು ಹೇಳುತ್ತಿದ್ದರು. ಅವಳ ಪಕ್ಕ ಕೂರಬೇಡಿ, ಪರದೆಯ ಮೇಲೆ ಸತ್ತವನನ್ನೂ ಎಬ್ಬಿಸಿ ಕೂರಿಸುತ್ತಾಳೆ ಅಂತಲೂ ಹೇಳುತ್ತಿದ್ದರು. ಸುಳ್ಳಲ್ಲ. ನಮ್ಮ ಊರಾದ ವರ್ಜಾಜಾತ್‌ನಲ್ಲಿ ಸಿನಿಮಾ ಸ್ಟುಡಿಯೋದ ರೊಟ್ಟಿ ತಿನ್ನದ ಮನೆ ಕಡಿಮೆ; ತೂದಾ ಅಲ್ಲಿ ಹನ್ನೊಂದು ವರ್ಷದಿಂದ ದರ್ಜಿ. ಹೊಸ ಬಟ್ಟೆಯನ್ನು ಚಹಾದಲ್ಲಿ ಅದ್ದಿ, ಮಣ್ಣಲ್ಲಿ ಹೊರಳಿಸಿ, ಭಿಕ್ಷುಕನ ಅಂಗಿ ಮಾಡುವವಳು. ಸಿನಿಮಾದಲ್ಲಿ ಯಾರದಾದರೂ ತಲೆ ಒಡೆದರೆ, "ಅಳಬೇಡ್ರೇ, ಅದು ಸಕ್ಕರೆ ಪಾಕ. ಆ ಅಂಗಿ ಒಗೆದೋಳು ನಾನೇ, ಇರುವೆ ಮುತ್ತಿತ್ತು" ಅನ್ನುವಳು.

ಗಂಡ ಬಾಸ್ಸೂ ಲಾರಿ ಓಡಿಸುತ್ತಿದ್ದ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳು ಇಜ್ಜಾಗೆ ಏಳು ವರ್ಷ. ತೂದಾ ಕೆಲಸಕ್ಕೆ ಹೋದಾಗ ಹುಡುಗಿಯನ್ನು ನೋಡಿಕೊಳ್ಳುತ್ತಿದ್ದವಳು ಗಂಡನ ಅಕ್ಕ, ವಿಧವೆ ಯಾಮ್ನಾ; ಹಿರಿಯಳೆಂಬ ಮರ್ಯಾದೆಗೆ ಎಲ್ಲರೂ 'ಲಾಲ್ಲಾ' ಅನ್ನುತ್ತಿದ್ದರು. ಹಬ್ಬಕ್ಕೆ ಓಣಿಗೆಲ್ಲ ಬಾದಾಮಿ ಬಿಸ್ಕತ್ತು ಹಂಚುವಾಕೆ. ನಾವೆಲ್ಲ ಅವಳ ಕೈಯಿಂದ ತಿಂದವರೇ.

ಹೋದ ವರ್ಷ ಒಂದು ಸಿನಿಮಾಕ್ಕೆ ಹುಡುಗಿ ಬೇಕಾಗಿದ್ದಳು. ಮಲತಂದೆ ಹೊಡೆಯುವ ದೃಶ್ಯ, ಒಂದೇ ದಿನದ ಕೆಲಸ. ತೂದಾ ಇಜ್ಜಾಳನ್ನು ಕರೆದೊಯ್ದು, ಬೆಲ್ಟು ಸ್ಪಂಜಿನದು ಅಂತ ಮುಟ್ಟಿಸಿ ತೋರಿಸಿ, ತನ್ನ ಹೊಲಿಗೆಗೆ ಮರಳಿದ್ದಳು.

ಈ ಚಳಿಗಾಲದ ಒಂದು ಶುಕ್ರವಾರ ಮಧ್ಯಾಹ್ನ ಊರಿನ ಯುವಕರ ಭವನದಲ್ಲಿ ಆ ಸಿನಿಮಾ ತೋರಿಸಿದರು. ಗದ್ದಲವೋ ಗದ್ದಲ.

"ಅಗೋ ನನ್ನ ಬೆನ್ನು! ನನ್ನ ಬೆನ್ನು!" ಅಂತ, ಸಂತೆಯ ದೃಶ್ಯದಲ್ಲಿ ಕತ್ತೆ ಹಿಡಿದು ನಿಂತಿದ್ದ ಕಟುಕ ಹಮ್ಮೂ ಎದ್ದು ನಿಂತ.

"ಕೂತ್ಕೊಳ್ಳೋ, ನಿನಗಿಂತ ನಿನ್ನ ಕತ್ತೆ ಚೆನ್ನಾಗಿ ಮಾಡಿದೆ!" ಅಂತ ಹಿಂದಿನಿಂದ ಯಾರೋ ಕೂಗಿದರು.

ಆಮೇಲೆ ಇಜ್ಜಾ ಬಂದಳು. ಮಲತಂದೆ ಬೆಲ್ಟು ಬಿಚ್ಚಿದ. ಹುಡುಗಿ ಅಳಲಿಲ್ಲ, ಓಡಲಿಲ್ಲ. ಎದ್ದು ಹೋಗಿ ಕಿಟಕಿ ಮುಚ್ಚಿದಳು, ಅಗುಳಿ ಹಾಕಿದಳು. ಚಪ್ಪಲಿ ಬಿಚ್ಚಿ ಜೋಡಿಸಿಟ್ಟಳು. ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು, ನೆಲದ ಮೇಲೆ ಮಲಗಿ, ಎರಡೂ ಪಾದ ಮೇಲೆತ್ತಿದಳು. ಹೊಡೆಯಬೇಕಾದ ನಟ ಒಂದು ಗಳಿಗೆ ಕೈ ಎತ್ತದೆ ನಿಂತುಬಿಟ್ಟಿದ್ದ.

ಪಕ್ಕದಲ್ಲಿದ್ದ ನಾನು, ಈಗ ತೂದಾ ಏನಾದರೂ ಚೇಷ್ಟೆ ಮಾಡುತ್ತಾಳೆ ಅಂತ ಕಾದೆ. ಅವಳು ನನ್ನ ಮೊಣಕೈ ಹಿಡಿದಳು. ಆ ಹಿಡಿತದ ಗುರುತು ಎರಡು ದಿನ ಇತ್ತು.

ಹೊರಗೆ ಬಂದವಳೇ, ಚಿತ್ರತಂಡದಲ್ಲಿದ್ದ ನಮ್ಮೂರ ಹುಡುಗ ಇದಿರ್‌ನನ್ನು ತಡೆದಳು.

"ಕಿಟಕಿ ಮುಚ್ಚು ಅಂತ ಇಜ್ಜಾಗೆ ಯಾರಪ್ಪ ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ ಕಣಕ್ಕ! ಅಳು ಅಂದ್ವಿ, ಅಷ್ಟೇ. ಮಿಕ್ಕಿದ್ದೆಲ್ಲ ಅವಳೇ ಮಾಡಿದ್ದು. ನಿರ್ದೇಶಕರು ಬೆರಗಾಗಿಬಿಟ್ರು. ಹುಟ್ಟು ಕಲಾವಿದೆ!"

ತೂದಾ ನನ್ನತ್ತ ತಿರುಗಿದಳು. "ನಮ್ಮನೆ ಕಿಟಕಿ ಮಧ್ಯಾಹ್ನ ಮುಚ್ಚಿರುತ್ತಾ?"

ಮುಚ್ಚಿರುತ್ತಿತ್ತು. ವಾರಕ್ಕೆ ಎರಡು ಸಲವಾದರೂ. ಬಿಸಿಲಿಗೆ ಅಂದುಕೊಂಡಿದ್ದೆವು, ಚಳಿಗಾಲದಲ್ಲೂ ಹಾಗೇ ಅಂದುಕೊಂಡಿದ್ದೆವು.

ಅವಳ ಹಿಂದೆಯೇ ನಾನೂ ಅವಳ ಮನೆಗೆ ಹೋದೆ. ಇಜ್ಜಾ ಮೂಲೆಯಲ್ಲಿ ಕೂತಿದ್ದಳು. "ಇಜ್ಜಾ, ಇಲ್ಲಿ ಬಾ" ಅಂದಳು ಯಾಮ್ನಾ, ದನಿ ಏರಿಸದೆ. ಹುಡುಗಿ ಎದ್ದು ಕಿಟಕಿಯ ಕಡೆ ನಡೆದಳು.

ತೂದಾ ಅವಳನ್ನು ಎತ್ತಿಕೊಂಡು ಕಾಲುಚೀಲ ಎಳೆದಳು. ಮೀಯಿಸುವಾಗ ತಾಯಿ ಬೆನ್ನು ನೋಡುತ್ತಾಳೆ, ತೋಳು ನೋಡುತ್ತಾಳೆ. ಅಂಗಾಲು ಯಾರು ನೋಡುತ್ತಾರೆ? ಹಳೆಯ ಗೆರೆಗಳ ಮೇಲೆ ಹೊಸ ಗೆರೆಗಳಿದ್ದವು.

ಗಂಡನಿಗೆ ಫೋನು ಮಾಡಿದಳು. ಅವನ ಮಾತು ನನಗೂ ಕೇಳಿಸಿತು. "ಅಕ್ಕ ನನ್ನನ್ನೂ ಹಾಗೇ ಬೆಳೆಸಿದ್ದು. ನನಗೇನಾಯ್ತು? ಮರಾಕೇಶ್‌ನಿಂದ ಈಗಲೇ ಹೊರಟೆ. ನಾನು ಬರೋವರೆಗೆ ಹೊಸ್ತಿಲು ದಾಟಬೇಡ."

ತೂದಾ ಹೊದಿಕೆ ತೆಗೆದು, ಏಳು ವರ್ಷದ ಮಗಳನ್ನು ಹಸುಗೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡಳು.

"ಸಿನಿಮಾ ನೋಡಿ ಮನೆ ಬಿಡೋಳು ನೀನೊಬ್ಬಳೇ ಕಣೇ," ಅಂದಳು ಯಾಮ್ನಾ. "ಊರು ನಗುತ್ತೆ."

"ನಗಲಿ ಲಾಲ್ಲಾ."

"ನಿನ್ನ ತಂಗಿ ಮನೆ ಸ್ಕೂರಾದಲ್ಲಲ್ವಾ? ಅವನೀಗ ಘಟ್ಟ ಹತ್ತುತ್ತಿರ್ತಾನೆ. ಸ್ಕೂರಾದ ದಾರಿ ಅವನಿಗೂ ಗೊತ್ತು."

ತೂದಾ ಹೊಸ್ತಿಲು ದಾಟಿದಳು. ಆಮೇಲೆ ಅವಳು ಆ ಮನೆಗೆ ಮರಳಲಿಲ್ಲ. ಟ್ಯಾಕ್ಸಿ ನಿಲ್ಲುವ ಕಡೆಗೆ ಓಡಲಿಲ್ಲ, ಓಡಿದರೆ ಮಗು ಹೆದರುತ್ತಿತ್ತು, ಬಿರುಸಾಗಿ ನಡೆದಳು.