ಎಕ್ಸ್ ಅಂದರೆ ಯಾರ ಮೊಳ?

ಮರುದಿನ ಒಂದು ಲೆಕ್ಕ ಬಿಡಿಸದಿದ್ದರೆ ನಾನು ಏಳನೇ ಕ್ಲಾಸು ಬಿಟ್ಟು ಆರನೇ ಕ್ಲಾಸಿನಲ್ಲಿ ಕೂರಬೇಕಿತ್ತು. ಅಲ್ಲಿ ಮೊದಲ ಸಾಲಿನಲ್ಲಿ ನನ್ನ ತಂಗಿ ಇದ್ದಳು. ಅದಕ್ಕಿಂತ ಊರು ಬಿಡುವುದು ಮೇಲು.

ಹಡಗಲಿಯ ನಮ್ಮ ಶಾಲೆಯ ಗಣಿತದ ಮೇಷ್ಟ್ರು ಕೇಳಿದ್ದು ಇಷ್ಟೇ: ಮಲ್ಲಿಗೆ, ಕನಕಾಂಬರ ಸೇರಿ ಹತ್ತು ಮೊಳ ಮಾಲೆ, ಅನುಪಾತ ಮೂರಕ್ಕೆ ಎರಡು. ಯಾವುದು ಎಷ್ಟು?

"ಐದೈದು ಮೊಳ ರೀ ಸರ್" ಎಂದೆ, ಎದೆಯುಬ್ಬಿಸಿ.

"ಸಮ ಹಂಚಾಕ ಇದೇನು ಹೋಳಿಗಿ ಏನಲೇ? ನಾಳಿ ಬರೋಬ್ಬರಿ ಹೇಳಲಿಲ್ಲಂದ್ರ ಸೀದಾ ಆರನೇತ್ತಕ್ಕ ನಡಿ!"

ಸಂಜೆ ಮನೆಯಲ್ಲಿ, ಮೇಷ್ಟ್ರು ಕ್ಲಾಸಿನಲ್ಲಿ ಹೇಳಿಕೊಟ್ಟಂತೆಯೇ ಒಂದು ಪಾಲನ್ನು ಎಕ್ಸ್ ಅಂದುಕೊಂಡೆ. ಮೂರು ಎಕ್ಸ್, ಎರಡು ಎಕ್ಸ್, ಕೂಡಿದರೆ ಐದು ಎಕ್ಸ್. ಅದು ಹತ್ತು. ಹಾಗಾದರೆ ಎಕ್ಸ್ ಎರಡು. ಮಲ್ಲಿಗೆ ಆರು ಮೊಳ, ಕನಕಾಂಬರ ನಾಲ್ಕು. ಅಲ್ಲಿಗೇ ಸುಮ್ಮನಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆದರೆ ನನ್ನಂಥ ಮಹಾ ಪಂಡಿತ ತಾಳೆ ನೋಡದೆ ಮಲಗುತ್ತಾನೆಯೇ?

ಅವ್ವ ಹೂ ಕಟ್ಟಿ ಮಾರುತ್ತಿದ್ದಳು. ಕಾಡಿ ಬೇಡಿ ಅವಳಿಂದ ಆರು ಮೊಳ ಮಲ್ಲಿಗೆ ಅಳೆಸಿಕೊಂಡೆ. ಅಷ್ಟರಲ್ಲಿ ಒಲೆಯ ಮೇಲೆ ಅನ್ನ ಉಕ್ಕಿತು, ಅವಳು ಒಳಗೆ ಓಡಿದಳು. ಕನಕಾಂಬರ ನಾಲ್ಕು ಮೊಳ ನಾನೇ ಅಳೆದು ಎರಡಕ್ಕೂ ಗಂಟು ಹಾಕಿದೆ. ಅವ್ವ ಬಂದು ಇಡೀ ಮಾಲೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಅಳೆದಳು.

"ಒಂಬತ್ತ ಐತಿ ನೋಡಪಾ."

ಹಾಗಾದರೆ ಬೀಜಗಣಿತವೇ ಸುಳ್ಳು! ಮರುದಿನ ಬೋರ್ಡಿನ ಮೇಲೆ ಐದು ಎಕ್ಸ್ ಅಂದರೆ ಒಂಬತ್ತು ಎಂದು ದಪ್ಪಗೆ ಬರೆದೆ.

"ಒಂಬತ್ತ ಎಲ್ಲಿಂದ ಬಂತಲೇ?"

"ಮನ್ಯಾಗ ಅಳದು ನೋಡೀನ್ರಿ ಸರ್."

"ಯಾರ ಕೈಲೆ?"

"ಮಲ್ಲಿಗಿ ನಮ್ಮವ್ವನ ಕೈಲೆ ರೀ, ಕನಕಾಂಬರ ನನ್ನ ಕೈಲೆ."

ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಮೇಷ್ಟ್ರು ನನ್ನ ಕಡ್ಡಿಯಂಥ ತೋಳನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಒಂದು ಲೆಕ್ಕದಾಗ ಎಕ್ಸ್ ಒಂದೇ ಇರಬೇಕಪಾ. ಮಲ್ಲಿಗಿಗೊಂದು ಕನಕಾಂಬರಕ್ಕೊಂದು ಮಾಡಿದ್ರ ಹೆಂಗ?"

ತಲೆಯೊಳಗಿನ ಗಂಟೊಂದು ಸಡಿಲವಾಯಿತು. "ಹಂಗಾದ್ರ ಎರಡೂ ನನ್ನ ಕೈಲೆ ಅಳದ್ರ?"

"ನೀನಾ ಹೇಳು."

"ಮಾಲಿ ಗಿಡ್ಡ ಆಕ್ಕತಿ ರೀ. ಆದ್ರ ಆರು, ನಾಕು, ಅವಾ ಇರ್ತಾವು. ಮೂರಕ್ಕ ಎರಡು ತಪ್ಪಂಗಿಲ್ಲ."

ಮೇಷ್ಟ್ರು ಬೋರ್ಡಿನ ಮೇಲಿನ ಒಂಬತ್ತನ್ನು ಅಳಿಸಿ ಹತ್ತು ಬರೆದರು. "ಹೋಗು, ನಿನ್ನ ಜಾಗದಾಗ ಕುಂದ್ರು."

ಬಿಡುವಿನಲ್ಲಿ ತಂಗಿ ಕಿಟಕಿಯಿಂದ ಇಣುಕಿದಳು. "ಬರ್ಲಿಲ್ಲೇನಣ್ಣ? ಬೆಂಚು ಒರಸಿ ಇಟ್ಟಿದ್ದೆ" ಎಂದಳು. ನಿಜವಾಗಿಯೂ ಅವಳಿಗೆ ಬೇಜಾರಾಗಿತ್ತು.