ತಮ್ಮನ ವೀಸಾ ಓದಿದವನು ನಾನು

ನನ್ನ ತಮ್ಮ ವೆಲ್ಡರ್. ಬಿಣಗಾದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಅದಿಲ್ಲದ ದಿನ ಅವರ್ಸಾದಲ್ಲಿ ಬೋಟುಗಳ ರಿಪೇರಿ. ಕೈ ಬಂಗಾರದ್ದು, ಬಾಯಿ ಮಾತ್ರ ಕೆಟ್ಟದ್ದು. ನಾನು ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತ. ಒಂದು ಭಾನುವಾರ ಊಟಕ್ಕೆ ಬಂದ ನೆಂಟರ ಎದುರಿಗೇ ಅವನು, "ನಮ್ಮಣ್ಣ ಇಪ್ಪತ್ತು ವರ್ಷ ಕಾಗದ ತಿರುಗ್ಸಿದ, ಮನೆಗೆ ಒಂದು ಹೊಸ ಹಂಚು ಹೊದೆಸ್ಲಿಲ್ಲ" ಎಂದ. ಎಲ್ಲರೂ ನಕ್ಕರು. ಹೆತ್ತ ಆಯಿಯೂ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಅದು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಅದೇ ವಾರ ಅವನಿಗೆ ಗಲ್ಫಿಗೆ ಹೋಗುವ ದಾರಿ ತೆರೆಯಿತು. ಏಜೆಂಟ ಎರಡು ವೀಸಾ ಹೇಳಿದ್ದ. ಒಂದು ಕಂಪನಿಯ ವೆಲ್ಡರ್ ವೀಸಾ. ಅದಕ್ಕೆ ಪರೀಕ್ಷೆ, ಮೆಡಿಕಲ್, ಸರ್ಟಿಫಿಕೇಟಿಗೆ ಮೊಹರು ಎಂದು ಮೂರು ತಿಂಗಳು ಕಾಯಬೇಕು. ಎರಡನೆಯ ವೀಸಾ ಹದಿನೈದು ದಿನದಲ್ಲಿ ಸಿಗುತ್ತದೆ, ಅಲ್ಲಿ ಇಳಿದ ಮೇಲೆ ವೆಲ್ಡರ್ ಕೆಲಸಕ್ಕೆ ಬದಲಾಯಿಸಿಕೊಂಡರಾಯಿತು ಎಂದನಂತೆ. ತಮ್ಮನಿಗೆ ಇಂಗ್ಲಿಷ್ ಬಾರದು. ಆ ಎರಡನೆಯ ಕಾಗದ ತಂದು ನನ್ನ ಕೈಗೆ ಕೊಟ್ಟ.

ಓದಿದೆ. ಅರಬ್ಬಿ ಅಕ್ಷರದ ಕೆಳಗೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿತ್ತು: ಕೆಲಸ, ಮನೆಯಾಳು. ಬೇರೆ ಕೆಲಸಕ್ಕೆ ಬದಲಾಯಿಸುವಂತಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು, "ಅರ್ಥ ಆಯ್ತಾ, ಇಲ್ಲಾ ಸಾಹೇಬ್ರ ಹತ್ರ ಕೇಂಡ್ಕೊಂಡು ಬತ್ಯಾ?" ಎಂದು ಹಲ್ಲುಬಿಟ್ಟ. ಕಾಗದ ಮಡಚಿ ಅವನ ಕೈಗೇ ಕೊಟ್ಟೆ.

ನಮ್ಮ ಕಡೆ ಮದುವೆಯಿರಲಿ, ಬಾವಿ ತೋಡುವುದಿರಲಿ, ದೇವರ ಹತ್ತಿರ ಪ್ರಸಾದ ಕೇಳದೆ ಹೆಜ್ಜೆಯಿಡುವುದಿಲ್ಲ. ಪೂಜೆ ಮಾಡುವ ಗುನಗ ಮೂರ್ತಿಗೆ ಒದ್ದೆ ಹೂವಿನ ಎಸಳು ಅಂಟಿಸುತ್ತಾನೆ, ಯಾವ ಬದಿಯ ಎಸಳು ಮೊದಲು ಬೀಳುತ್ತದೋ ಅದೇ ಅಪ್ಪಣೆ. ವೀಸಾಕ್ಕೂ ಪ್ರಸಾದ ಕೇಳಿಸಿದರು. "ಬೇಗ ಹೋಗೂದು ಬಲಕ್ಕೆ, ತಡ ಮಾಡೂದು ಎಡಕ್ಕೆ" ಎಂದು ತಮ್ಮನೇ ಬೇಡಿಕೊಂಡ. ಮನೆಯಾಳು, ವೆಲ್ಡರ್ ಎಂಬ ಮಾತು ದೇವರ ಕಿವಿಗೆ ಬೀಳಲೇ ಇಲ್ಲ. ಬಲದ ಎಸಳು ತಟ್ಟನೆ ಬಿತ್ತು.

ಆಯಿ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು. "ನೀ ಕಾಗದ ಓದಿದ್ಯಲ, ಎಲ್ಲಾ ಸಮಾ ಅದ್ಯಾ?"

"ದೇವರೇ ಕೊಟ್ಟ ಮೇಲೆ ನಂದೆಂತದು ಆಯಿ?" ಎಂದು ಕೈಮುಗಿದೆ. ಗುನಗನೂ ತಲೆದೂಗಿದ. ನನ್ನನ್ನು ಭಕ್ತನೆಂದುಕೊಂಡಿರಬೇಕು.

ತಮ್ಮ ಈಗ ಗಲ್ಫಿನಲ್ಲಿ, ಊರಾಚೆಯ ಒಂದು ತೋಟದ ಮನೆಯಲ್ಲಿ ಆಡು ಕಾಯುತ್ತಾನೆ, ಕಾರು ತೊಳೆಯುತ್ತಾನೆ, ಕಕ್ಕಸು ತಿಕ್ಕುತ್ತಾನೆ. ಪಾಸ್‌ಪೋರ್ಟ್ ಯಜಮಾನನ ಕಪಾಟಿನಲ್ಲಿದೆ. ಎರಡು ವರ್ಷ ತುಂಬದೆ ಬಿಡುವುದಿಲ್ಲವಂತೆ. ಏಜೆಂಟ ಫೋನ್ ಎತ್ತುವುದಿಲ್ಲ. ವೆಲ್ಡಿಂಗಿನ ಕಿಡಿಗೆ ಜಗ್ಗದ ಆ ಕೈಗಳು ಸೋಪಿನ ನೀರಿಗೆ ಬಿರುಕು ಬಿಟ್ಟದ್ದನ್ನು ವಿಡಿಯೋದಲ್ಲಿ ನೋಡಿದೆ. ಮೊದಲ ಸಲ ನೋಡಿದಾಗ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ?

ದೇವರು ತಪ್ಪು ಹೇಳುವುದಿಲ್ಲ, ಹಾಗಾದರೆ ತಪ್ಪು ತನ್ನದೇ ಎಂದು ಆಯಿ ತೀರ್ಮಾನಿಸಿಬಿಟ್ಟಿದ್ದಾಳೆ. ಯಾವುದೋ ಹರಕೆ ಮರೆತಿರಬೇಕು, ಮೈಲಿಗೆಯಲ್ಲಿ ಗುಡಿಯ ಮೆಟ್ಟಿಲು ಹತ್ತಿರಬೇಕು ಎಂದು ದಿನಕ್ಕೊಂದು ಪಾಪ ಹುಡುಕುತ್ತಾಳೆ. ಎರಡು ಹೊತ್ತಿನ ಊಟ ಬಿಟ್ಟು ಒಂದೇ ಹೊತ್ತು ಗಂಜಿ ಕುಡಿಯುತ್ತಾಳೆ. ನಾನು ಅವಳ ಎದುರಿಗೇ ಕೂತು ಬಂಗಡೆ ಸಾರು ಉಣ್ಣುತ್ತೇನೆ. ಒಂದು ಮಾತು ಹೇಳಿದರೆ ಅವಳ ಉಪವಾಸ ಮುಗಿಯುತ್ತದೆ. ಹೇಳಿಲ್ಲ.

ಮೊನ್ನೆ ತಮ್ಮ ಫೋನ್ ಮಾಡಿದ. ಮೊದಲಿನ ಬಾಯಿ ಅವನಿಗೆ ಉಳಿದಿಲ್ಲ.

"ಅಣ್ಣಾ, ಆ ಏಜೆಂಟ ನಿನ್ನಂಥವ್ನ ಕಣ್ಣಿಗೂ ಮಣ್ಣು ಹಾಕ್ದ ನೋಡು. ನಿಂಗೆ ಗೊತ್ತಾಗಿದ್ರೆ ನನ್ನ ಬಿಡ್ತಿರ್ಲಿಲ್ಲ."

"ಹೌದೋ ತಮಾ" ಎಂದೆ.

"ಹಣಕೋಣದ ಒಬ್ಬ ಹುಡುಗ ಇಲ್ಲಿಗೇ ಬರೂಕೆ ಹೊರಟಾನೆ. ಅವಂಗೂ ಇದೇ ನಮೂನಿ ಕಾಗದ ಬಂದದೆ. 'ನಮ್ಮಣ್ಣಂಗೆ ತೋರ್ಸು, ಅವ ಈಗ ಸಮಾ ನೋಡ್ತ' ಅಂತ ಅವಂಗೆ ಅಂದಿದ್ದೆ. ಕಳ್ಸಲಾ?"

ಹುಡುಗನಿಗೆ ನಿಜ ಓದಿ ಹೇಳಿದರೆ ತಮ್ಮನ ಕಾಗದದಲ್ಲಿ ಏನಿತ್ತೆಂಬುದೂ ಹೊರಬೀಳುತ್ತದೆ. ಒಳಗೆ ಆಯಿ ಗಂಜಿಯ ಬಟ್ಟಲು ತೊಳೆಯುತ್ತಿದ್ದಳು.

"ಕಳ್ಸು" ಎಂದೆ.